ಲೇಬಲ್ ಪ್ರಕಾರ ಫಾರ್ಮುಲಾದ ಕೊಬ್ಬು ಎದೆಹಾಲಿನಷ್ಟೇ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ಪ್ರಶ್ನೆ

ಪೋಷಣೆಯ ಪಾಠಕ್ಕಾಗಿ ಫಾರ್ಮುಲಾ (ಎದೆಹಾಲಿನ ಬದಲು ಶಿಶುವಿಗೆ ಕೊಡುವ ಹಾಲು) ಪುಡಿಯ ಕೊಬ್ಬನ್ನೂ ಎದೆಹಾಲಿನ ಕೊಬ್ಬನ್ನೂ ಅಕ್ಕಪಕ್ಕ ಇಟ್ಟು ಪಟ್ಟಿ ಮಾಡುತ್ತಿದ್ದೇನೆ. ಮಾದರಿಗೆ ಇಟ್ಟುಕೊಂಡಿರುವ ಲೇಬಲ್ ಹೀಗಿದೆ: 100 ಗ್ರಾಂ ಪುಡಿಯಲ್ಲಿ 510 ಕಿಲೊಕ್ಯಾಲರಿ, ಕೊಬ್ಬು 27 ಗ್ರಾಂ, ಲಿನೋಲಿಕ್ ಆಮ್ಲ 4.2 ಗ್ರಾಂ, ಆಲ್ಫಾ ಲಿನೋಲೆನಿಕ್ ಆಮ್ಲ 0.42 ಗ್ರಾಂ, ಡಿಎಚ್‌ಎ (ಒಂದು ಒಮೆಗಾ-3 ಕೊಬ್ಬಿನಾಮ್ಲ) 85 ಮಿ.ಗ್ರಾಂ, ಎಆರ್‌ಎ (ಒಂದು ಒಮೆಗಾ-6 ಕೊಬ್ಬಿನಾಮ್ಲ) 85 ಮಿ.ಗ್ರಾಂ. ಎಣ್ಣೆಗಳು: ಪಾಮೋಲಿನ್ (ತಾಳೆ ಎಣ್ಣೆಯ ದ್ರವಭಾಗ), ತೆಂಗಿನೆಣ್ಣೆ, ಸೋಯಾ ಎಣ್ಣೆ, ಹೈ ಓಲಿಕ್ ಸೂರ್ಯಕಾಂತಿ ಎಣ್ಣೆ. ತಯಾರಾದ 100 ಮಿ.ಲೀ. ಫಾರ್ಮುಲಾ ಹಾಲಿಗೆ 13 ಗ್ರಾಂ ಪುಡಿ.

ಅಂದರೆ 100 ಮಿ.ಲೀ.ಗೆ ಸುಮಾರು 3.5 ಗ್ರಾಂ ಕೊಬ್ಬು. ಎದೆಹಾಲಿನಲ್ಲೂ 3.5ರಿಂದ 4.5 ಗ್ರಾಂ ಎಂದೇ ಪುಸ್ತಕಗಳಲ್ಲಿದೆ. ಪಾಮಿಟಿಕ್ ಎಂಬ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿನಾಮ್ಲವೂ ಎರಡರಲ್ಲಿ ಹತ್ತಿರ ಹತ್ತಿರ ಇರುತ್ತದಂತೆ. ಹಾಗಿದ್ದರೆ ಫಾರ್ಮುಲಾ ಕುಡಿಯುವ ಮಕ್ಕಳಲ್ಲಿ ಮಲ ಗಟ್ಟಿಯಾಗುವುದು, ಕೊಬ್ಬು ಕಡಿಮೆ ಹೀರಿಕೆಯಾಗುವುದು ಏಕೆ? ಲೇಬಲ್ ಓದುವಾಗ ನಾನು ಯಾವುದನ್ನು ಬಿಟ್ಟುಬಿಡುತ್ತಿದ್ದೇನೆ?

ಉತ್ತರ 1 (ಎಣ್ಣೆ ಮತ್ತು ಕೊಬ್ಬಿನ ರಸಾಯನಶಾಸ್ತ್ರ)

ನಿಮ್ಮ ಲೆಕ್ಕ ಸರಿಯಾಗಿದೆ. ಲೇಬಲ್ ಹೇಳುವುದು ಯಾವ ಆಮ್ಲ ಎಷ್ಟಿದೆ ಎಂಬುದನ್ನು ಮಾತ್ರ. ಆ ಆಮ್ಲ ಎಲ್ಲಿ ಕೂತಿದೆ ಎಂಬುದನ್ನು ಅದು ಹೇಳುವುದಿಲ್ಲ. ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಉತ್ತರ ಅಲ್ಲೇ ಇದೆ.

ಎರಡೂ ಹಾಲಿನ ಕೊಬ್ಬಿನಲ್ಲಿ ಸುಮಾರು 98% ಟ್ರೈಗ್ಲಿಸರೈಡ್. ಒಂದು ಗ್ಲಿಸರಾಲ್ ಬೆನ್ನೆಲುಬು, ಅದಕ್ಕೆ ಅಂಟಿಕೊಂಡ ಮೂರು ಕೊಬ್ಬಿನಾಮ್ಲಗಳು. ಮೂರು ಜಾಗಗಳಿಗೆ ಎಸ್‌ಎನ್-1, ಎಸ್‌ಎನ್-2, ಎಸ್‌ಎನ್-3 ಎಂದು ಹೆಸರು, ಎಸ್‌ಎನ್-2 ಎಂದರೆ ನಡುವಿನದು. ಎದೆಹಾಲಿನ ಕೊಬ್ಬಿನಾಮ್ಲಗಳಲ್ಲಿ ಪಾಮಿಟಿಕ್‌ನ ಪಾಲು 20–25%. ಅದರಲ್ಲಿ ಹೆಚ್ಚುಕಡಿಮೆ 60–70% ನಡುವಿನ ಜಾಗದಲ್ಲೇ ಕೂತಿರುತ್ತದೆ, ಎರಡು ತುದಿಗಳಲ್ಲಿ ಹೆಚ್ಚಾಗಿ ಓಲಿಕ್‌ನಂಥ ಅಪರ್ಯಾಪ್ತ ಆಮ್ಲಗಳಿರುತ್ತವೆ. ತಾಳೆ ಎಣ್ಣೆಯಲ್ಲಿ ಇದು ತಿರುಗುಮುರುಗು. ಪಾಮಿಟಿಕ್ ತುದಿಗಳಲ್ಲಿ, ಓಲಿಕ್ ನಡುವೆ. ಸಸ್ಯಗಳು ಪಾಮಿಟಿಕ್ ಆಮ್ಲವನ್ನು ನಡುವೆ ಕೂರಿಸುವುದು ಬಹಳ ಅಪರೂಪ. ಹಾಗಾಗಿ ಬರೀ ಸಸ್ಯದೆಣ್ಣೆಯ ಫಾರ್ಮುಲಾದಲ್ಲಿ ನಡುವೆ ಕೂತ ಪಾಮಿಟಿಕ್‌ನ ಪಾಲು ಸಾಮಾನ್ಯವಾಗಿ 20%ಕ್ಕಿಂತ ಮೇಲೆ ಹೋಗುವುದಿಲ್ಲ.

ಜಾಗದಿಂದ ಏನಾಗುತ್ತದೆ ಎಂದರೆ, ಮೇದೋಜೀರಕ ಗ್ರಂಥಿಯ ಲೈಪೇಸ್ (ಕೊಬ್ಬನ್ನು ಒಡೆಯುವ ಕಿಣ್ವ) ಕತ್ತರಿಸುವುದು ಎರಡು ತುದಿಗಳನ್ನು ಮಾತ್ರ. ಎದೆಹಾಲಿನಲ್ಲಿ ತುದಿಯ ಓಲಿಕ್ ಬಿಡುಗಡೆಯಾಗಿ ಸುಲಭವಾಗಿ ಹೀರಿಕೆಯಾಗುತ್ತದೆ. ಪಾಮಿಟಿಕ್ ಗ್ಲಿಸರಾಲ್‌ಗೆ ಅಂಟಿಕೊಂಡೇ ಮಾನೊಗ್ಲಿಸರೈಡ್ ರೂಪದಲ್ಲಿ ಪಿತ್ತಲವಣಗಳ ಜೊತೆ ಬೆರೆತು ಕರುಳಿನ ಗೋಡೆ ದಾಟುತ್ತದೆ. ತಾಳೆ ಎಣ್ಣೆಯ ಫಾರ್ಮುಲಾದಲ್ಲಿ ಬಿಡುಗಡೆಯಾಗುವುದು ಪಾಮಿಟಿಕ್ ಆಮ್ಲವೇ. ಅದರ ಕರಗುಬಿಂದು ಸುಮಾರು 63 ಡಿಗ್ರಿ, ಮೈಶಾಖದಲ್ಲಿ ಅದು ಗಟ್ಟಿ. ಪಕ್ಕದಲ್ಲೇ ಇರುವ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನಾಗುತ್ತದೆ. ಸಾಬೂನು ಮಲದಲ್ಲಿ ಹೋಗುತ್ತದೆ, ಮಲ ಗಟ್ಟಿಯಾಗುತ್ತದೆ, ಅದರ ಜೊತೆ ಕೊಬ್ಬಿನ ಶಕ್ತಿಯೂ ಕ್ಯಾಲ್ಸಿಯಂ ಕೂಡ ನಷ್ಟ. ಗಟ್ಟಿ ಮಲಕ್ಕೆ ಕಬ್ಬಿಣಾಂಶವನ್ನು ದೂರುವವರೇ ಹೆಚ್ಚು. ಬಹಳಷ್ಟು ಸಲ ಮೊದಲು ನೋಡಬೇಕಾದದ್ದು ಎಣ್ಣೆಗಳ ಸಾಲನ್ನು.

ತಯಾರಕರು ಇದಕ್ಕೆ ಹಿಡಿದಿರುವ ದಾರಿ ಮೂರು.

ತಾಳೆ ಎಣ್ಣೆಯನ್ನೇ ಕೈಬಿಡುವುದು ಒಂದು. ಆಗ ಒಟ್ಟು ಪಾಮಿಟಿಕ್ 8–10%ಕ್ಕೆ ಇಳಿಯುತ್ತದೆ. ಮಲ ಮೆದುವಾಗುತ್ತದೆ, ಕ್ಯಾಲ್ಸಿಯಂ ಹೀರಿಕೆಯೂ ಉತ್ತಮ. ಆದರೆ ಕೊಬ್ಬಿನ ಸ್ವರೂಪ ಎದೆಹಾಲಿನಿಂದ ಇನ್ನೊಂದು ದಿಕ್ಕಿನಲ್ಲಿ ದೂರ ಸರಿಯಿತು ಎಂಬುದನ್ನು ಮರೆಯಬಾರದು.

ಎರಡನೆಯದು ರಚಿತ ಕೊಬ್ಬು, ಅಂದರೆ ಒಪಿಒ (ಓಲಿಕ್–ಪಾಮಿಟಿಕ್–ಓಲಿಕ್). ತುದಿಗಳನ್ನು ಮಾತ್ರ ಬದಲಿಸಬಲ್ಲ ಕಿಣ್ವ ಬಳಸಿ, ನಡುವೆ ಪಾಮಿಟಿಕ್ ಹೆಚ್ಚಿರುವಂತೆ ಮೊದಲೇ ಸಿದ್ಧಪಡಿಸಿದ ತಾಳೆ ಕೊಬ್ಬಿನ ತುದಿಗಳಿಗೆ ಓಲಿಕ್ ಆಮ್ಲ ಜೋಡಿಸುತ್ತಾರೆ. ಇಂಥ ಕೊಬ್ಬು ಬೆರೆತ ಫಾರ್ಮುಲಾದಲ್ಲಿ ನಡುವಿನ ಪಾಮಿಟಿಕ್‌ನ ಪಾಲು 40–60%ಕ್ಕೆ ಏರಿಸಬಹುದು. ಲೇಬಲ್‌ನಲ್ಲಿ ‘ಎಸ್‌ಎನ್-2 ಪಾಮಿಟೇಟ್’, ‘ಬೀಟಾ ಪಾಮಿಟೇಟ್’, ‘ಒಪಿಒ’ ಎಂದಿದ್ದರೆ ಇದೇ. ಇಲ್ಲಿ ಎಚ್ಚರ ಬೇಕು. ‘ಇದೆ’ ಎಂದರೆ ಸಾಲದು, ಒಟ್ಟು ಪಾಮಿಟಿಕ್‌ನಲ್ಲಿ ಎಷ್ಟು ಭಾಗ ಎಂದು ಕೇಳಬೇಕು. ಸ್ವಲ್ಪವೇ ಬೆರೆಸಿ ಡಬ್ಬಿಯ ಮುಂದೆ ದೊಡ್ಡಕ್ಷರದಲ್ಲಿ ಬರೆಯಲು ಅಡ್ಡಿಯೇನಿಲ್ಲ.

ಮೂರನೆಯದು ಹಸುವಿನ ಹಾಲಿನ ಕೊಬ್ಬನ್ನೇ ಒಂದಷ್ಟು ಬಳಸುವುದು. ಅದರಲ್ಲಿ ಸುಮಾರು 40% ಪಾಮಿಟಿಕ್ ಸಹಜವಾಗಿಯೇ ನಡುವೆ ಇರುತ್ತದೆ.

ನಿಮ್ಮ ಪಟ್ಟಿಗೆ ‘ಪಾಮಿಟಿಕ್, ಒಟ್ಟು’ ಪಕ್ಕದಲ್ಲಿ ‘ಪಾಮಿಟಿಕ್, ನಡುವಿನ ಜಾಗದಲ್ಲಿ’ ಎಂಬ ಇನ್ನೊಂದು ಕಾಲಂ ಸೇರಿಸಿ. ಅದಿಲ್ಲದೆ ಹೋಲಿಕೆ ಅರ್ಧವೇ.

ತೆಂಗಿನೆಣ್ಣೆಯ ಬಗ್ಗೆ ಒಂದು ಮಾತು. ಲಾರಿಕ್, ಮಿರಿಸ್ಟಿಕ್ ಆಮ್ಲಗಳಿಗಾಗಿ ಅದನ್ನು ಹಾಕುತ್ತಾರೆ. ಎದೆಹಾಲಿನಲ್ಲಿ ಇವೆರಡೂ ಸೇರಿ ಸಾಮಾನ್ಯವಾಗಿ 10–13%. ತೆಂಗಿನೆಣ್ಣೆಯಲ್ಲಿ ಲಾರಿಕ್ ಒಂದೇ ಅರ್ಧದಷ್ಟಿರುವುದರಿಂದ ಬೇಗ ಅಳತೆ ಮೀರುತ್ತದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಇವೆರಡರ ಮೊತ್ತ ಒಟ್ಟು ಕೊಬ್ಬಿನಾಮ್ಲಗಳ 20% ದಾಟಬಾರದು ಎನ್ನುತ್ತದೆ.

ಉತ್ತರ 2 (ಡೇರಿ ತಂತ್ರಜ್ಞಾನ)

ಮೇಲಿನ ಉತ್ತರ ಅಣುವಿನ ಮಟ್ಟದ್ದು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಕೊಬ್ಬಿನ ಹನಿ ಇದೆ. ಇದು ಯಾವ ಲೇಬಲ್‌ನಲ್ಲೂ ಬರುವುದಿಲ್ಲ.

ಎದೆಹಾಲಿನ ಕೊಬ್ಬಿನ ಹನಿ ಸರಾಸರಿ 4–5 ಮೈಕ್ರಾನ್. ಹಾಲು ತಯಾರಿಸುವ ಕೋಶದಿಂದ ಹೊರಬರುವಾಗ ಅದು ಕೋಶದ ಪೊರೆಯನ್ನೇ ಹೊದ್ದುಕೊಂಡು ಬರುತ್ತದೆ, ಹಾಗಾಗಿ ಸುತ್ತಲೂ ಮೂರು ಪದರಗಳ ಹೊದಿಕೆ. ಅದರಲ್ಲಿ ಫಾಸ್ಫೊಲಿಪಿಡ್, ಸ್ಫಿಂಗೊಮೈಲಿನ್, ಗ್ಯಾಂಗ್ಲಿಯೊಸೈಡ್, ಕೊಲೆಸ್ಟ್ರಾಲ್, ಜೊತೆಗೆ ಪೊರೆಯದೇ ಪ್ರೋಟೀನ್‌ಗಳು. ತೂಕದಲ್ಲಿ ಇವು ತೀರ ಕಡಿಮೆ, ಫಾಸ್ಫೊಲಿಪಿಡ್ ಒಟ್ಟು ಕೊಬ್ಬಿನ ಶೇಕಡಾ ಒಂದರ ಆಸುಪಾಸು. ಆದರೆ ಜೀರ್ಣಕಾರಿ ಕಿಣ್ವಕ್ಕೆ ಮೊದಲು ಸಿಗುವುದೇ ಈ ಪೊರೆ.

ಫಾರ್ಮುಲಾದಲ್ಲಿ ಎಣ್ಣೆಯನ್ನು ಕೆನೆ ತೆಗೆದ ಹಾಲು ಮತ್ತು ವ್ಹೇ (ಹಾಲು ಒಡೆದಾಗ ಉಳಿಯುವ ತಿಳಿನೀರು) ದ್ರಾವಣಕ್ಕೆ ಬೆರೆಸಿ, ಒತ್ತಡದಲ್ಲಿ ಹೋಮೊಜಿನೈಸ್ ಮಾಡಿ, ಆಮೇಲೆ ಸಿಂಪಡಿಸಿ ಒಣಗಿಸುತ್ತಾರೆ. ಹನಿ ಅರ್ಧ ಮೈಕ್ರಾನ್ ಆಸುಪಾಸಿಗೆ ಒಡೆಯುತ್ತದೆ. ವ್ಯಾಸ ಹತ್ತನೇ ಒಂದಾದರೆ ಅಷ್ಟೇ ಕೊಬ್ಬಿನ ಮೇಲ್ಮೈ ಹತ್ತು ಪಟ್ಟು. ಅಷ್ಟು ಹೊಸ ಮೇಲ್ಮೈಯನ್ನು ಮುಚ್ಚುವುದು ಹಾಲಿನ ಪ್ರೋಟೀನ್‌ಗಳಾದ ಕೇಸಿನ್, ವ್ಹೇ ಪ್ರೋಟೀನ್ ಮತ್ತು ಎಣ್ಣೆ-ನೀರನ್ನು ಬೆರೆಸಿ ಹಿಡಿಯುವ ಲೆಸಿಥಿನ್. ಸಣ್ಣ ಹನಿ ಬೇಗ ಜೀರ್ಣವಾಗಬೇಕು ಎಂದು ಅನ್ನಿಸುವುದು ಸಹಜ. ಆದರೆ ಹೊಟ್ಟೆಯಲ್ಲಿ ಎದೆಹಾಲಿನ ದೊಡ್ಡ ಹನಿಯೇ ಹೆಚ್ಚು ಜೀರ್ಣವಾಗುವುದು ಅಳತೆಯಲ್ಲಿ ಕಂಡಿದೆ. ಹನಿಯ ಗಾತ್ರವಷ್ಟೇ ಅಲ್ಲ, ಅದು ಏನನ್ನು ಹೊದ್ದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಸೋಯಾ ಅಥವಾ ಸೂರ್ಯಕಾಂತಿ ಲೆಸಿಥಿನ್ ಇದ್ದರೆ ‘ಫಾಸ್ಫೊಲಿಪಿಡ್ ಇದೆಯಲ್ಲ’ ಎನ್ನುವವರಿದ್ದಾರೆ. ಇದೆ, ಆದರೆ ಸಸ್ಯದ ಲೆಸಿಥಿನ್‌ನಲ್ಲಿ ಸ್ಫಿಂಗೊಮೈಲಿನ್ ಇಲ್ಲ. ಅದು ಪ್ರಾಣಿಮೂಲದ ಪೊರೆಯಿಂದಲೇ ಬರಬೇಕು. ಈಗ ಕೆಲವು ಡಬ್ಬಿಗಳಲ್ಲಿ ‘ಎಂಎಫ್‌ಜಿಎಂ’ ಎಂದು ಕಾಣುವುದು ಹಸುವಿನ ಹಾಲಿನ ಇದೇ ಪೊರೆ. ಬೆಣ್ಣೆ ಕಡೆಯುವಾಗ ಹನಿಯ ಪೊರೆ ಹರಿದು ಮಜ್ಜಿಗೆಯಲ್ಲಿ ಉಳಿಯುತ್ತದಲ್ಲ, ಅಲ್ಲಿಂದ ಅಥವಾ ವ್ಹೇಯ ಕೆನೆಯಿಂದ ಅದನ್ನು ಬೇರ್ಪಡಿಸುತ್ತಾರೆ. 2014ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗದಲ್ಲಿ, ಇದನ್ನು ಬೆರೆಸಿದ ಫಾರ್ಮುಲಾ ಕುಡಿದ ಮಕ್ಕಳ 12ನೇ ತಿಂಗಳ ಗ್ರಹಣಶಕ್ತಿಯ ಅಂಕ ಸಾಮಾನ್ಯ ಫಾರ್ಮುಲಾದವರಿಗಿಂತ ಮೇಲಿತ್ತು. ಒಳ್ಳೆಯ ಸೂಚನೆಯೇ. ಆದರೆ ಒಂದು ಎಚ್ಚರ: ಪೊರೆಯ ಪದಾರ್ಥಗಳನ್ನು ಬೆರೆಸುವುದೇ ಬೇರೆ, ಹನಿಯ ಸುತ್ತ ಪೊರೆ ಇರುವುದೇ ಬೇರೆ. ಬೆರೆಸಿದ ಮೇಲೆ ಹೋಮೊಜಿನೈಸ್ ಮಾಡಿದರೆ ಆ ರಚನೆ ಉಳಿಯುವುದಿಲ್ಲ. ಹನಿಯನ್ನು ದೊಡ್ಡದಾಗಿಯೇ ಉಳಿಸಿ ಫಾಸ್ಫೊಲಿಪಿಡ್ ಹೊದಿಸುವ ವಿಧಾನವೂ ಬಂದಿದೆ, ಇನ್ನೂ ಎಲ್ಲ ಕಡೆ ಹರಡಿಲ್ಲ.

ಕೊಲೆಸ್ಟ್ರಾಲ್: ಎದೆಹಾಲಿನಲ್ಲಿ 100 ಮಿ.ಲೀ.ಗೆ 10–20 ಮಿ.ಗ್ರಾಂ, ಸಸ್ಯದೆಣ್ಣೆಯ ಫಾರ್ಮುಲಾದಲ್ಲಿ ಬಹಳ ಸ್ವಲ್ಪ. ‘ಕೊಲೆಸ್ಟ್ರಾಲ್ ಇಲ್ಲ’ ಎಂಬುದು ಇಲ್ಲಿ ಹೊಗಳಿಕೆಯಲ್ಲ, ದಯವಿಟ್ಟು ಹಾಗೆ ಕಲಿಸಬೇಡಿ. ಬೆಳೆಯುವ ಮೆದುಳಿಗೂ ಕೋಶಗಳ ಪೊರೆಗೂ ಅದು ಬೇಕು. ಹೊರಗಿನಿಂದ ಸಿಗದಿದ್ದಾಗ ಮಗುವಿನ ದೇಹವೇ ಹೆಚ್ಚು ತಯಾರಿಸಿಕೊಳ್ಳುತ್ತದೆ.

ಹಸುವಿನ ಕೊಬ್ಬು ಬಳಸಿದ ಫಾರ್ಮುಲಾ ಎದೆಹಾಲಿಗೆ ಇನ್ನೂ ಹತ್ತಿರ ಎಂದು ತಟ್ಟನೆ ತೀರ್ಮಾನಿಸುವುದೂ ಬೇಡ. ಹಸುವಿನ ಕೊಬ್ಬಿನಲ್ಲಿ 3–4% ಬ್ಯುಟಿರಿಕ್ ಆಮ್ಲವಿದೆ, ಎದೆಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಲಿನೋಲಿಕ್ ಆಮ್ಲ ಅದರಲ್ಲಿ ತೀರ ಕಡಿಮೆ ಇರುವುದರಿಂದ ಸಸ್ಯದೆಣ್ಣೆ ಬೆರೆಸಲೇಬೇಕು.

ಪ್ರಶ್ನೆ ಕೇಳಿದವರು

ತುಂಬ ಉಪಯೋಗವಾಯಿತು. ಡಿಎಚ್‌ಎ ವಿಷಯ ಯಾರೂ ಮುಟ್ಟಲಿಲ್ಲ. 85 ಮಿ.ಗ್ರಾಂ ಸಾಕೇ, ಕಡಿಮೆಯೇ? ಮಾನದಂಡಗಳು ಮಿ.ಗ್ರಾಂ.ನಲ್ಲೂ ಶೇಕಡಾದಲ್ಲೂ ಇರುವುದರಿಂದ ಗೊಂದಲವಾಗಿದೆ.

ಉತ್ತರ 3 (ಶಿಶು ಪೋಷಣೆ)

ಗೊಂದಲ ಬಿಡಿಸಲು ಎಲ್ಲವನ್ನೂ ಮೊದಲು 100 ಕಿಲೊಕ್ಯಾಲರಿಗೆ ತನ್ನಿ. ನಿಮ್ಮ ಅಂಕಿಗಳನ್ನು 5.1ರಿಂದ ಭಾಗಿಸಿದರೆ ಸಾಕು:

ಕೊಬ್ಬು: 27 ÷ 5.1 = 5.3 ಗ್ರಾಂ. ಕೋಡೆಕ್ಸ್ ಮಿತಿ 4.4–6.0. ಸರಿ.
ಲಿನೋಲಿಕ್: ಸುಮಾರು 824 ಮಿ.ಗ್ರಾಂ. ಕನಿಷ್ಠ 300, ಮಾರ್ಗದರ್ಶಿ ಗರಿಷ್ಠ 1400. ಸರಿ.
ಆಲ್ಫಾ ಲಿನೋಲೆನಿಕ್: ಸುಮಾರು 82 ಮಿ.ಗ್ರಾಂ. ಕನಿಷ್ಠ 50. ಸರಿ.
ಇವೆರಡರ ಅನುಪಾತ 10:1. ಇರಬೇಕಾದದ್ದು 5:1ರಿಂದ 15:1ರ ಒಳಗೆ. ಸರಿ.
ಡಿಎಚ್‌ಎ: ಸುಮಾರು 16.7 ಮಿ.ಗ್ರಾಂ.

ಇನ್ನು ಶೇಕಡಾ. ಟ್ರೈಗ್ಲಿಸರೈಡ್ ತೂಕದಲ್ಲಿ ಗ್ಲಿಸರಾಲ್ ಬಿಟ್ಟರೆ ಕೊಬ್ಬಿನಾಮ್ಲ ಸುಮಾರು 95%. 27 ಗ್ರಾಂ ಕೊಬ್ಬು ಎಂದರೆ 25.65 ಗ್ರಾಂ ಕೊಬ್ಬಿನಾಮ್ಲ. 0.085 ÷ 25.65 ಎಂದರೆ 0.33%. ಪ್ರಪಂಚದ ಬೇರೆಬೇರೆ ಕಡೆಯ ಎದೆಹಾಲಿನ ಸರಾಸರಿ ಡಿಎಚ್‌ಎ ಸುಮಾರು 0.32%, ಎಆರ್‌ಎ ಸುಮಾರು 0.47%. ಆದ್ದರಿಂದ ಡಿಎಚ್‌ಎ ಮಟ್ಟಿಗೆ ನಿಮ್ಮ ಮಾದರಿ ಸರಾಸರಿ ಎದೆಹಾಲಿನಷ್ಟಿದೆ, ಎಆರ್‌ಎ ಅದಕ್ಕಿಂತ ಕಡಿಮೆ.

ಆದರೂ ಇದೇ ಪುಡಿ ಯುರೋಪಿಯನ್ ಒಕ್ಕೂಟದಲ್ಲಿ ತೇರ್ಗಡೆಯಾಗುವುದಿಲ್ಲ! ಅಲ್ಲಿ 2020ರಿಂದ 100 ಕಿಲೊಕ್ಯಾಲರಿಗೆ 20–50 ಮಿ.ಗ್ರಾಂ ಡಿಎಚ್‌ಎ ಕಡ್ಡಾಯ, ಎಆರ್‌ಎ ಮಾತ್ರ ಐಚ್ಛಿಕ. ಕೋಡೆಕ್ಸ್‌ನಲ್ಲಿ ಡಿಎಚ್‌ಎ ಐಚ್ಛಿಕ, ಹಾಕಿದರೆ ಎಆರ್‌ಎ ಕನಿಷ್ಠ ಅಷ್ಟೇ ಇರಬೇಕು, ಇಪಿಎ (ಇನ್ನೊಂದು ಒಮೆಗಾ-3 ಕೊಬ್ಬಿನಾಮ್ಲ) ಡಿಎಚ್‌ಎಯನ್ನು ಮೀರಬಾರದು. ಎರಡು ನಿಯಮಗಳು ಎರಡು ದಾರಿ ಹಿಡಿದಿವೆ. ಎದೆಹಾಲಿನಲ್ಲಿ ಎಆರ್‌ಎ ಸಾಮಾನ್ಯವಾಗಿ ಡಿಎಚ್‌ಎಗಿಂತ ಹೆಚ್ಚೇ ಇರುವಾಗ, ಡಿಎಚ್‌ಎ ಒಂದನ್ನೇ ಏರಿಸಿ ಎಆರ್‌ಎ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಈ ಬಗ್ಗೆ ತಜ್ಞರೂ ದನಿ ಎತ್ತಿದ್ದಾರೆ.

‘ಆಲ್ಫಾ ಲಿನೋಲೆನಿಕ್ ಇದೆ, ದೇಹವೇ ಡಿಎಚ್‌ಎ ಮಾಡಿಕೊಳ್ಳುತ್ತದೆ’ ಎಂಬ ವಾದವನ್ನು ಒಪ್ಪಬೇಡಿ. ಪರಿವರ್ತನೆ ನಡೆಯುತ್ತದೆ, ಆದರೆ ಅತ್ಯಲ್ಪ. ಮೇಲಾಗಿ ಲಿನೋಲಿಕ್ ಹೆಚ್ಚಿದ್ದಷ್ಟೂ ಅದೇ ಕಿಣ್ವಗಳಿಗಾಗಿ ಪೈಪೋಟಿ. ಅನುಪಾತಕ್ಕೆ ಮಿತಿ ಹಾಕಿರುವುದೇ ಅದಕ್ಕೆ.

ಇನ್ನೊಂದು ಕಡೆಯ ಸತ್ಯವನ್ನೂ ಹೇಳಬೇಕು. ದಿನ ತುಂಬಿ ಹುಟ್ಟಿದ ಮಕ್ಕಳಿಗೆ ಡಿಎಚ್‌ಎ, ಎಆರ್‌ಎ ಬೆರೆಸಿದ ಫಾರ್ಮುಲಾದಿಂದ ಬುದ್ಧಿ, ದೃಷ್ಟಿ ಉತ್ತಮವಾಗುತ್ತದೆ ಎಂಬುದಕ್ಕೆ ಪ್ರಯೋಗಗಳ ಒಟ್ಟು ಪುರಾವೆ ಗಟ್ಟಿಯಾಗಿಲ್ಲ. ಕೆಲವಲ್ಲಿ ಲಾಭ ಕಂಡಿದೆ, ಬಹಳಷ್ಟರಲ್ಲಿ ಇಲ್ಲ. ಸೇರಿಸುವುದಕ್ಕೆ ಕಾರಣ ಎದೆಹಾಲಿನಲ್ಲಿ ಅವು ಇವೆ ಎಂಬುದು. ‘ಬುದ್ಧಿವಂತ ಮಗು’ ಎಂಬ ಜಾಹೀರಾತಿನ ಮಾತಿಗೆ ಆ ಪುರಾವೆ ಸಾಲದು.

ಮೂಲ ಗೊತ್ತಿರಲಿ: ಡಿಎಚ್‌ಎ ಸಾಮಾನ್ಯವಾಗಿ ಸೂಕ್ಷ್ಮ ಪಾಚಿಯ ಎಣ್ಣೆಯಿಂದ ಅಥವಾ ಮೀನಿನ ಎಣ್ಣೆಯಿಂದ, ಎಆರ್‌ಎ ಮಾರ್ಟಿಯೆರೆಲ್ಲಾ ಆಲ್ಪೈನಾ ಎಂಬ ಶಿಲೀಂಧ್ರದಿಂದ. ಸಸ್ಯಾಹಾರದ ಪ್ರಶ್ನೆ ಇರುವವರು ಈ ಸಾಲನ್ನು ಓದಬೇಕು.

ಉತ್ತರ 4 (ಎದೆಹಾಲು ಬ್ಯಾಂಕ್)

ಇಲ್ಲಿವರೆಗೆ ಎಲ್ಲರೂ ಎದೆಹಾಲನ್ನು ಒಂದೇ ಅಂಕಿಯಂತೆ ಹೇಳಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಎದೆಹಾಲಿನ ಕಾಲಂ ಒಂದು ವ್ಯಾಪ್ತಿಯಾಗಿರಲಿ.

ಒಂದೇ ಸಲದ ಹಾಲೂಡಿಕೆಯಲ್ಲಿ ಮೊದಲ ಹಾಲಿಗೂ ಕೊನೆಯ ಹಾಲಿಗೂ ಕೊಬ್ಬು ಎರಡು ಮೂರು ಪಟ್ಟು ವ್ಯತ್ಯಾಸವಾಗಬಹುದು. ಮೊಲೆ ಬರಿದಾದಷ್ಟೂ ಕೊಬ್ಬು ಏರುತ್ತದೆ. ಹಾಗಾಗಿ ನಾಲ್ಕು ಹನಿ ತೆಗೆದು ಅಳೆದರೆ ಸಿಗುವ ಅಂಕಿಗೆ ಅರ್ಥವಿಲ್ಲ. ಒಂದು ಕಡೆಯ ಹಾಲನ್ನು ಪೂರ್ತಿ ಹಿಂಡಿ, ಸುಮಾರು 40 ಡಿಗ್ರಿಗೆ ಬೆಚ್ಚಗೆ ಮಾಡಿ, ನಿಧಾನವಾಗಿ ಕಲಸಿ, ಆಮೇಲೆ ಮಾದರಿ ತೆಗೆಯಬೇಕು. ಸರಳ ಅಳತೆ ಕ್ರೀಮಾಟೊಕ್ರಿಟ್: ಸಣ್ಣ ಗಾಜಿನ ನಳಿಗೆಯಲ್ಲಿ ಹಾಲು ತುಂಬಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಕೆನೆಯ ಕಂಬ ಒಟ್ಟು ಉದ್ದದ ಶೇಕಡಾ ಎಷ್ಟೆಂದು ಓದುವುದು. ಅದರಿಂದ 0.59 ಕಳೆದು 0.146ರಿಂದ ಭಾಗಿಸಿದರೆ ಲೀಟರಿಗೆ ಇಷ್ಟು ಗ್ರಾಂ ಕೊಬ್ಬು ಎಂದು ಬರುತ್ತದೆ. ಕೆನೆ 6% ಇದ್ದರೆ 37 ಗ್ರಾಂ. ತಾಜಾ ಹಾಲಿಗೆ ಇದು ಸರಿ. ಶೀತಲೀಕರಿಸಿ ಕರಗಿಸಿದ ಹಾಲಿಗೆ ತಪ್ಪು ಬರುತ್ತದೆ, ಏಕೆಂದರೆ ಅಷ್ಟರಲ್ಲಿ ಕೊಬ್ಬು ಒಡೆಯತೊಡಗಿರುತ್ತದೆ.

ತಾಯಿಯ ಆಹಾರದಿಂದ ಒಟ್ಟು ಕೊಬ್ಬು ಹೆಚ್ಚು ಬದಲಾಗುವುದಿಲ್ಲ, ಬದಲಾಗುವುದು ಅದರ ಬಗೆ. ಮೀನು ಅಥವಾ ಪಾಚಿ ಎಣ್ಣೆ ತೆಗೆದುಕೊಂಡರೆ ಡಿಎಚ್‌ಎ ಏರುತ್ತದೆ, ಅಡುಗೆ ಎಣ್ಣೆ ಬದಲಾದರೆ ಲಿನೋಲಿಕ್ ಬದಲಾಗುತ್ತದೆ. ಟ್ರಾನ್ಸ್ ಕೊಬ್ಬು ತಿಂದರೆ ಅದೂ ಹಾಲಿಗೆ ಬರುತ್ತದೆ. ಕೊಬ್ಬು ಕಡಿಮೆ, ಪಿಷ್ಟ ಹೆಚ್ಚು ಇರುವ ಊಟದಲ್ಲಿ ಸ್ತನಗ್ರಂಥಿಯೇ ತಯಾರಿಸುವ ಮಧ್ಯಮ ಸರಪಳಿಯ ಆಮ್ಲಗಳು ಹೆಚ್ಚುತ್ತವೆ.

ಕೊಬ್ಬನ್ನು ಒಡೆಯುವ ಕಿಣ್ವವೂ ಎದೆಹಾಲಿನ ಜೊತೆಗೇ ಬರುತ್ತದೆ. ಫಾರ್ಮುಲಾದಲ್ಲಿ ಇದು ಇಲ್ಲವೇ ಇಲ್ಲ. ಪಿತ್ತಲವಣಗಳಿಂದ ಚುರುಕಾಗುವ ಈ ಲೈಪೇಸ್ ಮಗುವಿನ ಕರುಳಿನಲ್ಲಿ ಕೆಲಸ ಶುರುಮಾಡುತ್ತದೆ, ಮೂರೂ ಜಾಗಗಳನ್ನು ಕತ್ತರಿಸಬಲ್ಲದು. ನವಜಾತ ಶಿಶುವಿನ ಮೇದೋಜೀರಕ ಲೈಪೇಸ್ ಇನ್ನೂ ಕಡಿಮೆ ಇರುವ ಕಾಲದಲ್ಲಿ ಇದು ದೊಡ್ಡ ಆಸರೆ. ದಾನದ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಿದಾಗ ಕಿಣ್ವ ಪೂರ್ತಿ ನಾಶವಾಗುತ್ತದೆ. ಸೋಂಕು ತಡೆಯಲು ಬೇರೆ ದಾರಿಯಿಲ್ಲದೆ ಹಾಗೆ ಮಾಡುತ್ತೇವೆ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಅದರಿಂದ ಕೊಬ್ಬಿನ ಹೀರಿಕೆ ಕುಗ್ಗುತ್ತದೆ. ಆದ್ದರಿಂದಲೇ ಸ್ವಂತ ತಾಯಿಯ ತಾಜಾ ಹಾಲಿಗೆ ಮೊದಲ ಜಾಗ, ದಾನದ ಹಾಲಿಗೆ ಎರಡನೆಯದು.

ಹಿಂಡಿದ ಹಾಲಿನಲ್ಲಿ ಕೊಬ್ಬು ಕಳೆದುಹೋಗುವ ಜಾಗಗಳನ್ನೂ ಪಾಠಕ್ಕೆ ಸೇರಿಸಿ, ಇವನ್ನು ಯಾರೂ ಹೇಳಿಕೊಡುವುದಿಲ್ಲ. ಹಾಲು ನಿಂತರೆ ಕೆನೆ ಮೇಲೇಳುತ್ತದೆ, ಬಾಟಲಿಯ ಗೋಡೆಗೆ ಅಂಟುತ್ತದೆ. ಬೆಚ್ಚಗೆ ಮಾಡಿ ಗುಂಡಗೆ ತಿರುಗಿಸಿ ಬೆರೆಸಿ. ನಳಿಕೆಯಲ್ಲಿ ಪಂಪಿನಿಂದ ಗಂಟೆಗಟ್ಟಲೆ ಹನಿಹನಿಯಾಗಿ ಕೊಟ್ಟರೆ ಕೊಬ್ಬು ನಳಿಕೆಯ ಗೋಡೆಯಲ್ಲೇ ಉಳಿಯುತ್ತದೆ, ಸಿರಿಂಜ್ ಮಲಗಿಸಿಟ್ಟಿದ್ದರೆ ಕೆನೆ ಕೊನೆಗೆ ಅದರೊಳಗೇ ಉಳಿಯುತ್ತದೆ. ಸಿರಿಂಜ್‌ನ ತುದಿ ಮೇಲ್ಮುಖವಾಗಿರಲಿ, ನಳಿಕೆ ಗಿಡ್ಡದಿರಲಿ, ಮಗುವಿಗೆ ತಡೆಯುವುದಾದರೆ ಒಂದೊಂದು ಹೊತ್ತಿನದನ್ನು ಒಟ್ಟಿಗೆ ಕೊಡುವುದೇ ಮೇಲು.

ಶೀತಲೀಕರಿಸಿದ ಹಾಲಿಗೆ ಕೆಲವೊಮ್ಮೆ ಸಾಬೂನಿನ ವಾಸನೆ ಬರುತ್ತದೆ. ಅದು ಹಾಲಿನದೇ ಲೈಪೇಸ್ ಬಿಡಿಸಿದ ಕೊಬ್ಬಿನಾಮ್ಲಗಳ ವಾಸನೆ. ಮನೆಯ ಫ್ರೀಜರ್‌ನ ಮೈನಸ್ 20 ಡಿಗ್ರಿಯಲ್ಲೂ ಆ ಕಿಣ್ವ ನಿಲ್ಲುವುದಿಲ್ಲ. ಹಾಲು ಕೆಟ್ಟಿಲ್ಲ, ಮಗು ಕುಡಿದರೆ ಕೊಡಬಹುದು. ಮಗು ಮುಖ ತಿರುಗಿಸಿದರೆ ಮಾತ್ರ, ಮುಂದಿನ ಸಲ ಹಿಂಡಿದ ಕೂಡಲೇ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವವರೆಗೆ, ಸುಮಾರು 82 ಡಿಗ್ರಿಗೆ ಕಾಯಿಸಿ, ಕುದಿಸದೆ, ಥಟ್ಟನೆ ತಣಿಸಿ ಫ್ರೀಜರ್‌ಗೆ ಇಡಬೇಕು. ಒಮ್ಮೆ ವಾಸನೆ ಬಂದ ಮೇಲೆ ಕಾಯಿಸಿದರೆ ಅದು ಹೋಗುವುದಿಲ್ಲ. ಕಾಯಿಸಿದರೆ ಮೇಲೆ ಹೇಳಿದ ಒಳ್ಳೆಯ ಕಿಣ್ವವೂ ಹೋಗುತ್ತದೆ, ಹಾಗಾಗಿ ಅಭ್ಯಾಸವಾಗಿ ಮಾಡಬೇಡಿ.

ಪ್ರಶ್ನೆ ಕೇಳಿದವರು

ಕೊನೆಯದೊಂದು. ಫಾರ್ಮುಲಾದ ಕೊಬ್ಬು ಕಡಿಮೆ ಹೀರಿಕೆಯಾಗುವುದಾದರೆ ಮೇಲಿಂದ ತುಪ್ಪವನ್ನೋ ಎಣ್ಣೆಯನ್ನೋ ಹಾಕಬಹುದೇ, ಅಥವಾ ಒಂದು ಚಮಚ ಪುಡಿ ಹೆಚ್ಚು? ವಿದ್ಯಾರ್ಥಿಗಳು ಖಂಡಿತ ಕೇಳುತ್ತಾರೆ.

ಉತ್ತರ 3 (ಶಿಶು ಪೋಷಣೆ)

ಎರಡೂ ಬೇಡ. ಬಾಟಲಿಗೆ ಹಾಕಿದ ತುಪ್ಪ ಹಾಲಿನಲ್ಲಿ ಬೆರೆಯುವುದಿಲ್ಲ, ಮೇಲೆ ತೇಲಿ ಕೊನೆಗೆ ಒಮ್ಮೆಲೇ ಬಾಯಿಗೆ ಬರುತ್ತದೆ. ಶ್ವಾಸನಾಳಕ್ಕೆ ಜಾರಿದರೆ ಎಣ್ಣೆ ಅಪಾಯಕಾರಿ. ಕೊಬ್ಬು ಮಾತ್ರ ಏರಿದರೆ ಅದೇ ಶಕ್ತಿಗೆ ಸಿಗುವ ಪ್ರೋಟೀನ್, ಖನಿಜಗಳು ತಗ್ಗುತ್ತವೆ. ಪುಡಿ ಹೆಚ್ಚು ಹಾಕಿದರೆ ಲವಣ, ಪ್ರೋಟೀನ್ ಎಲ್ಲವೂ ಏರಿ ಮಗುವಿನ ಮೂತ್ರಪಿಂಡಕ್ಕೆ ಹೊರೆ, ನಿರ್ಜಲೀಕರಣದ ಭಯ. ನೀರು ಹೆಚ್ಚಿಸಿದರೆ ಶಕ್ತಿಯ ಕೊರತೆ, ರಕ್ತದ ಸೋಡಿಯಂ ಇಳಿತ. ತೂಕ ಸರಿಯಾಗಿ ಏರದ ಮಗುವಿಗೆ ಶಕ್ತಿ ಹೆಚ್ಚಿಸಬೇಕಾದರೆ ಅದನ್ನು ಮಗುವನ್ನು ನೋಡಿದ ವೈದ್ಯರೇ ಲೆಕ್ಕ ಹಾಕಬೇಕು.

ಡಬ್ಬಿಯೊಳಗಿನ ಚಮಚವನ್ನೇ ಬಳಸಬೇಕು, ಪುಡಿಯನ್ನು ಒತ್ತಿ ತುಂಬಬಾರದು, ಮೇಲ್ಭಾಗ ಸಮ ಮಾಡಬೇಕು. ಬೇರೆ ಡಬ್ಬಿಯ ಚಮಚದ ಅಳತೆ ಬೇರೆ ಇರುತ್ತದೆ. ಪುಡಿ ನಿರ್ಜೀವಾಣುಗೊಳಿಸಿದ್ದಲ್ಲ, ಆದ್ದರಿಂದ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಬೆರೆಸಿ, ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಕುಡಿಸುವ ಹದಕ್ಕೆ ತರಬೇಕು. 2 ಗಂಟೆಯೊಳಗೆ ಕುಡಿಸದೆ ಉಳಿದದ್ದನ್ನು ಚೆಲ್ಲಬೇಕು.

ಉತ್ತರ 1 (ಎಣ್ಣೆ ಮತ್ತು ಕೊಬ್ಬಿನ ರಸಾಯನಶಾಸ್ತ್ರ)

ಇದಕ್ಕೆ ಡಬ್ಬಿಯ ವಿಷಯ ಸೇರಿಸುತ್ತೇನೆ. ಡಿಎಚ್‌ಎಯಲ್ಲಿ ಆರು ದ್ವಿಬಂಧ, ಎಆರ್‌ಎಯಲ್ಲಿ ನಾಲ್ಕು. ಗಾಳಿ ಸೋಕಿದರೆ ಮೊದಲು ಕೆಡುವುದು ಇವೇ. ಅದಕ್ಕಾಗಿಯೇ ಡಬ್ಬಿಯೊಳಗೆ ನೈಟ್ರೊಜನ್ ತುಂಬಿ ಮುಚ್ಚುತ್ತಾರೆ, ವಿಟಮಿನ್ ಇ ಬೆರೆಸುತ್ತಾರೆ. ಮುಚ್ಚಳ ತೆರೆದ ಕ್ಷಣದಿಂದ ಆ ರಕ್ಷಣೆಯ ಅರ್ಧ ಹೋಯಿತು. ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದು ಒಂದು ತಿಂಗಳೊಳಗೆ ಮುಗಿಸಿ. ಒಲೆಯ ಪಕ್ಕ ಇಡಬೇಡಿ, ಫ್ರಿಜ್‌ನಲ್ಲೂ ಬೇಡ, ಹೊರಗೆ ತೆಗೆದಾಗಲೆಲ್ಲ ಒಳಗೆ ತೇವ ಕೂರುತ್ತದೆ. ಒದ್ದೆ ಚಮಚ ಹಾಕಬೇಡಿ. ಪುಡಿಗೆ ಮೊದಲ ದಿನ ಇಲ್ಲದ ಕಮಟು ವಾಸನೆ, ಮೀನಿನ ಅಥವಾ ಬಣ್ಣದೆಣ್ಣೆಯಂಥ ವಾಸನೆ ಬಂದರೆ ದಿನಾಂಕ ಇನ್ನೂ ಉಳಿದಿದ್ದರೂ ಆ ಡಬ್ಬಿಯನ್ನು ಮಗುವಿಗೆ ಕೊಡಬೇಡಿ.